ಕೊಂಡ ಹಾಯದ ನಟಿ

2023ರ ಆಸ್ಕರ್ ಪಟ್ಟಿ ಬಂದಾಗ ಮಲೇಷ್ಯಾದ ನಟಿ ಮಿಷೆಲ್ ಯೋ ಬಗ್ಗೆ ಒಂದು ಸಾಲು ಎಲ್ಲ ಕಡೆ ಓಡಾಡಿತು. ಅತ್ಯುತ್ತಮ ನಟಿ ಪ್ರಶಸ್ತಿಯ ಪಟ್ಟಿಗೆ ಬಂದ, 'ಏಷ್ಯಾದವರೆಂದು ಗುರುತಿಸಿಕೊಂಡ' ಮೊದಲ ನಟಿ ಅಂತ. ಆ 'ಗುರುತಿಸಿಕೊಂಡ' ನೋಡಿ! ಸುಮ್ನೆ 'ಏಷ್ಯಾದ ಮೊದಲ ನಟಿ' ಅಂದು ಮುಗಿಸುವ ಹಾಗಿಲ್ಲ. ಯಾಕಂದ್ರೆ 1936ರಲ್ಲೇ ಹಾಲಿವುಡ್ ನಟಿ ಮರ್ಲ್ ಒಬೆರಾನ್ ಅದೇ ಪಟ್ಟಿಯಲ್ಲಿದ್ದರು. ಹುಟ್ಟಿದ್ದು ಬಾಂಬೆ, ಬೆಳೆದಿದ್ದು ಕಲ್ಕತ್ತಾ. ಆದರೇನು, ಗುರುತಿಸಿ'ಕೊಳ್ಳ'ಲಿಲ್ಲ. ತಪ್ಪು ಅವರದೇ. ಕೊಂಡ ಹಾಯದಿದ್ದರೆ ಪ್ರಸಾದ ಎಲ್ಲಿಂದ ಸಿಗಬೇಕು?

ಆ ಕಾಲದ ಪ್ರಚಾರದವರ ಬುದ್ಧಿಯನ್ನು ಮಾತ್ರ ಮೆಚ್ಚಲೇಬೇಕು. ನಿರ್ದೇಶಕ ಅಲೆಕ್ಸಾಂಡರ್ ಕೊರ್ಡಾ ಈ ಹುಡುಗಿಗೆ 1933ರಲ್ಲಿ ರಾಣಿಯ ಪಾತ್ರ ಕೊಟ್ಟ. ರಾಣಿ ಬಾಂಬೆಯವಳು ಅಂದರೆ ಆಗುತ್ತಾ? ಭೂಪಟ ಬಿಡಿಸಿ, ಹುಟ್ಟೂರು ಅಂತ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪ ಆರಿಸಿದರು. ಅಷ್ಟು ದೂರ ಹೋಗಿ ವಿಚಾರಿಸೋರು ಯಾರು? ಜನನ ಪತ್ರ ಎಲ್ಲಿ ಅಂದರೆ, ಬೆಂಕಿಯಲ್ಲಿ ಸುಟ್ಟುಹೋಯ್ತು.

ನಾವೂ ಇದರಲ್ಲಿ ಸಾಚಾ ಅಲ್ಲ ಬಿಡಿ. ನನ್ನ ವಯಸ್ಸಿನ ಅರ್ಧ ಜನ ಹುಟ್ಟಿದ್ದು ಜೂನ್ 1ಕ್ಕೆ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಮುಖ ನೋಡಿ, ಬೆರಳು ಮಡಚಿ ಲೆಕ್ಕ ಹಾಕಿ ಬರೆದದ್ದೇ ಜನ್ಮದಿನ. ಇವತ್ತಿಗೂ ಆ ದಿನ ಬ್ಯಾಂಕಿನವರು ಶುಭಾಶಯ ಕಳಿಸುತ್ತಾರೆ, ಅಮ್ಮ ನಗುತ್ತಾಳೆ. ಆದರೆ ಮೇಷ್ಟ್ರು ತಾರೀಖು ಬದಲಿಸಿದರು, ಅಮ್ಮನನ್ನು ಬದಲಿಸಲಿಲ್ಲ.

ಇನ್ನು ಬಣ್ಣದ ವಿಚಾರ. ಮರ್ಲ್ ಮದುವೆಯಾದ ಛಾಯಾಗ್ರಾಹಕ ಲೂಸಿಯನ್ ಬ್ಯಾಲರ್ಡ್, ಆಕೆಯ ಮುಖದ ಕಲೆಗಳು ಕಾಣದ ಹಾಗೆ ಕ್ಯಾಮೆರಾ ಪಕ್ಕಕ್ಕೇ ಒಂದು ದೀಪ ಕೂರಿಸಿದ. ಅದಕ್ಕೆ 'ಓಬಿ' ಅಂತ ಹೆಸರೇ ಬಿತ್ತು. ಹೆಂಡತಿ ಹೆಸರಲ್ಲಿ ಜನ ಸೈಟು ಮಾಡ್ತಾರೆ, ಈತ ಬಲ್ಬು ಮಾಡಿದ. ನಗಬೇಡಿ. ಭಾನುವಾರದ ಪೇಪರಿನಲ್ಲಿ ವಧು ಬೇಕಾಗಿದೆ ಕಾಲಂ ತೆಗೆದು ನೋಡಿ. ಅಲ್ಲಿ ಪ್ರತಿ ಮೂರನೇ ಸಾಲಿಗೆ ಒಂದು ಓಬಿ ಉರಿಯುತ್ತಿರುತ್ತದೆ.

1978ರಲ್ಲಿ ಟಾಸ್ಮೇನಿಯಾದ ಹೋಬಾರ್ಟ್ ನಗರ 'ನಮ್ಮೂರ ಮಗಳು' ಎಂದು ಮರ್ಲ್‌ಗೆ ಸತ್ಕಾರ ಇಟ್ಟಿತು. ತವರು ಅಂದರೆ ಅದು! ಕಾಲೇ ಇಡದ ಊರು ಅರಿಶಿನ ಕುಂಕುಮ ಹಿಡಿದು ನಿಂತಿತ್ತು. ಮಗಳು ಮೈ ಸರಿಯಿಲ್ಲ ಅಂತ ಹೇಳಿ ಅರ್ಧಕ್ಕೇ ಎದ್ದಳು. ಮರುವರ್ಷ ತೀರಿಕೊಂಡಳು.

ಆಮೇಲೆ ನೋಡಿದರೆ, ಅಸಲಿ ಜನನ ಪತ್ರಕ್ಕೆ ಬೆಂಕಿ ತಾಗೇ ಇರಲಿಲ್ಲ. ಬಾಂಬೆಯ ಸರ್ಕಾರಿ ದಾಖಲೆಯಲ್ಲಿ ಭದ್ರವಾಗಿತ್ತು. ಸರ್ಕಾರಿ ಕಚೇರಿಯಲ್ಲಿ ಒಂದು ಕಾಗದ ಕಳೆಯದೆ ಉಳಿದದ್ದು, ಅದೂ ಬೇಡದ ಕಡೆ.

ಷಾರ್ಲೆಟ್ ಹತ್ತಿರ ಬಂದಾಗ ಮಾತ್ರ ತಮಾಷೆ ಮಾಡೋಕೆ ಆಗಲ್ಲ. ಸಿಲೋನ್ ಮೂಲದ, ಕಪ್ಪು ಮೈಬಣ್ಣದ ಹೆಂಗಸು. ಮರ್ಲ್‌ಳನ್ನು ಮಗಳೆಂದು ಸಾಕಿದ್ದು ಆಕೆ. ವಾಸ್ತವದಲ್ಲಿ ಅಜ್ಜಿ. ಲಂಡನ್ನಿನ ಮನೆಗೆ ಅತಿಥಿಗಳು ಬಂದರೆ ಆಕೆ ಕೆಲಸದವಳು. ಅಷ್ಟೇ. ಮಗಳ ಮನೆಯಲ್ಲಿ ಚಹಾ ತಟ್ಟೆ ಹಿಡಿದು ನಿಲ್ಲಬೇಕು, ಮಗಳೇ ಅನ್ನಬಾರದು. ಇದಕ್ಕೆ ಮರ್ಲ್ ಒಬ್ಬಳನ್ನೇ ಬೈಯಲು ನನಗೆ ಬಾಯಿ ಬರಲ್ಲ. ನಿಜ ಹೇಳಿದ್ದರೆ ಆ ಪಟ್ಟಿಗೆ ಬಿಡಿ, ಸ್ಟುಡಿಯೋ ಗೇಟಿಗೂ ಯಾರೂ ಸೇರಿಸುತ್ತಿರಲಿಲ್ಲ. ಹಾಗೆ ಸೇರಿಸದವರೇ ಇವತ್ತು 'ಗುರುತಿಸಿಕೊಂಡ' ಅಂತ ಪದ ತೂಗಿ ಇಡುತ್ತಾರೆ. ಥೂ.

1937ರಲ್ಲಿ ಷಾರ್ಲೆಟ್ ಸತ್ತಳು. 1949ರಲ್ಲಿ ಮರ್ಲ್ ಆಕೆಯ ಹಳೇ ಫೋಟೋ ಕೊಟ್ಟು ಚಿತ್ರ ಬರೆಸಿದಳು. ಕೊನೇ ತನಕ ಅದು ಅವಳಿದ್ದ ಎಲ್ಲ ಮನೆಗಳ ಗೋಡೆ ಮೇಲೂ ಇತ್ತು. ಚಿತ್ರದಲ್ಲಿ ಷಾರ್ಲೆಟ್ ಬೆಳ್ಳಗಿದ್ದಾಳೆ.