ಬಡಿಸುವವನು ಅಪ್ಪನಾದರೆ

ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಹೋಳಿಗೆ ತಪ್ಪುವುದಿಲ್ಲ ಅಂತ ನಮ್ಮಲ್ಲಿ ಮಾತಿದೆ. ಬಡಿಸುವವನು ಅಪ್ಪನೇ ಆಗಿಬಿಟ್ಟರೆ? ಅಮೆರಿಕದ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯವರು ಇದನ್ನು 1966ರಲ್ಲೇ ಮಾಡಿ ನೋಡಿದರು. ಪ್ರೆಸ್ ಮ್ಯಾರವಿಚ್ ಎಂಬುವರನ್ನು ಬಾಸ್ಕೆಟ್‌ಬಾಲ್ ಕೋಚ್ ಆಗಿ ಕರೆತಂದರು. ಹಿಂದೆಯೇ ಮಗ ಪೀಟ್ ಬಂದ.

ಆಗೆಲ್ಲ ಮೊದಲ ವರ್ಷದ ಹುಡುಗರು ಮುಖ್ಯ ತಂಡದಲ್ಲಿ ಆಡುವ ಹಾಗಿರಲಿಲ್ಲ. ಅವರದೇ ಬೇರೆ ತಂಡ, ಅವರ ಆಟ ಮೊದಲು. ಜನ ಬಂದು ಪೀಟ್‌ನನ್ನು ಕಣ್ತುಂಬ ನೋಡಿ, ದೊಡ್ಡವರ ಆಟ ಶುರುವಾಗುವ ಹೊತ್ತಿಗೆ ಎದ್ದು ಮನೆಗೆ ಹೋಗುತ್ತಿದ್ದರು. ಊಟ ಮುಗಿಸಿ ಮುಹೂರ್ತಕ್ಕೆ ಮುಂಚೆ ಜಾಗ ಖಾಲಿ ಮಾಡುವ ನೆಂಟರ ಹಾಗೆ. ದೊಡ್ಡವರು ಆ ವರ್ಷ 26 ಆಟದಲ್ಲಿ ಗೆದ್ದಿದ್ದು 3. ಎದ್ದು ಹೋದವರನ್ನು ಬಯ್ಯುವ ಹಾಗೂ ಇಲ್ಲ ಬಿಡಿ.

ಆಮೇಲೆ ಮೂರು ವರ್ಷ ಹೋಳಿಗೆಯೆಲ್ಲ ಒಂದೇ ಎಲೆಗೆ. ಆಟಕ್ಕೆ ಸುಮಾರು 38 ಸಲ ಪೀಟ್ ಬುಟ್ಟಿಗೆ ಎಸೆದ. ಸರಾಸರಿ 44.2 ಅಂಕ. 83 ಆಟದಲ್ಲಿ ಒಟ್ಟು 3,667. ಅದೂ ದೂರದಿಂದ ಎಸೆದು ಬಿದ್ದರೆ ಎರಡರ ಬದಲು ಮೂರು ಅಂಕ ಕೊಡುವ ಗೆರೆ ಇನ್ನೂ ಬಂದಿರದ ಕಾಲದಲ್ಲಿ. ಹುಡುಗ ಜಾದೂಗಾರ, ಅದರಲ್ಲಿ ತಕರಾರಿಲ್ಲ. ತಂಡ? ಮೊದಲ ವರ್ಷ 14 ಗೆಲುವು, 12 ಸೋಲು. ಎರಡನೇ ವರ್ಷ 13-13. ದೇಶದ ದೊಡ್ಡ ಟೂರ್ನಿಗೆ ಮೂರು ವರ್ಷವೂ ಕರೆ ಬರಲಿಲ್ಲ.

ಬಡಪಾಯಿ ತಂಡಕ್ಕೆ ಒಬ್ಬ ಸ್ಟಾರ್ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ಈಗಲೂ ಚಳಿಗಾಲದ ಯಾವ ರಾತ್ರಿ ಬೇಕಾದರೂ ಟಿವಿ ಹಾಕಿ ನೋಡಬಹುದು. ಕಾಲೇಜು ಆಟದಲ್ಲಿ ಬುಟ್ಟಿಗೆ ಎಸೆಯಲು ಒಂದು ಸರದಿಗೆ 30 ಸೆಕೆಂಡ್. ಸ್ಟಾರ್ ಚೆಂಡು ಹಿಡಿದು ನಡು ಅಂಗಳದಲ್ಲಿ ಟಪ್ ಟಪ್ ಅಂತ ಕುಟ್ಟಲು ಶುರು ಮಾಡುತ್ತಾನೆ. ಉಳಿದ ನಾಲ್ವರು ಮೂಲೆ ಸೇರುತ್ತಾರೆ. ಒಬ್ಬನ ಹತ್ತಿರ ಎದುರಾಳಿಯೇ ಇಲ್ಲ. ಅವನು ಪಾಪ ಕೈ ಎತ್ತಿ ನಿಂತಿರುತ್ತಾನೆ, ನಾನ್‌ಸ್ಟಾಪ್ ಬಸ್ಸಿಗೆ ಕೈ ಅಡ್ಡ ಹಿಡಿದವನ ಹಾಗೆ. ಬಸ್ಸು ನಿಲ್ಲುವುದಿಲ್ಲ. ಟಪ್ ಟಪ್. ಎದುರಾಳಿಗಳು ಇಬ್ಬರು ಬಂದರು, ಮೂವರಾದರು. ಉಳಿದಿದ್ದು 4 ಸೆಕೆಂಡ್. ಸ್ಟಾರ್ ಮೂರು ಜನರ ಕೈ ಮೇಲಿಂದ, ಹಿಂದಕ್ಕೆ ವಾಲಿಕೊಂಡು, ಒಂದು ಕಾಲಲ್ಲಿ ಎಸೆಯುತ್ತಾನೆ.

ಬಿದ್ದರೆ ಕಾಮೆಂಟರಿಯವರ ಗಂಟಲು ಹರಿಯುತ್ತದೆ. ಬೀಳದಿದ್ದರೆ ಅದೇ ಗಂಟಲು ಮೆತ್ತಗಾಗುತ್ತದೆ: 'ಪಾಪ, ಇವನಿಗೆ ಜೊತೆ ಕೊಡುವವರೇ ಇಲ್ಲ.' ಜೊತೆ ಕೊಡುವವನು ಇನ್ನೂ ಕೈ ಎತ್ತಿಕೊಂಡೇ ಇದ್ದಾನೆ!

ಅಪರೂಪಕ್ಕೊಮ್ಮೆ ಅವನಿಗೂ ಚೆಂಡು ಬರುತ್ತದೆ. ಯಾವಾಗ? ಒಂದೇ ಸೆಕೆಂಡ್ ಉಳಿದಾಗ, ಬತ್ತಿಗೆ ಬೆಂಕಿ ತಗುಲಿದ ಪಟಾಕಿ ಕೈಗೆ ಬಂದ ಹಾಗೆ. ಗಾಬರಿಯಲ್ಲಿ ಎಸೆದರೆ ಹಲಗೆಗೂ ತಾಗುವುದಿಲ್ಲ. ಆ ತಪ್ಪು ಅವನ ಖಾತೆಗೆ. 'ಕೊಟ್ಟರೆ ಹೀಗೇ, ನೋಡಿದ್ರಾ' ಅನ್ನುವ ಮುಖ ಮಾಡಿ ಸ್ಟಾರ್ ವಾಪಸ್ ಓಡುತ್ತಾನೆ. ಇನ್ನು ಹತ್ತು ನಿಮಿಷ ಅವನಿಗೆ ಚೆಂಡಿಲ್ಲ. ಉಳಿದವರು ಆಡೋಲ್ಲ ಅಂತ ಇವನು ಕೊಡುವುದಿಲ್ಲ, ಇವನು ಕೊಡೋಲ್ಲ ಅಂತ ಅವರು ಆಡುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ.

ಒಕ್ಲಹೋಮಾ ಯೂನಿವರ್ಸಿಟಿಯ ಟ್ರೇ ಯಂಗ್ 2018ರ ಜನವರಿಯಲ್ಲಿ ಇದನ್ನು ಒಂದೇ ವಾರದಲ್ಲಿ ಎರಡು ಥರ ಮಾಡಿ ತೋರಿಸಿದ. ಮಂಗಳವಾರ ಕ್ಯಾನ್ಸಸ್ ಸ್ಟೇಟ್ ಎದುರು 12 ಸಲ ಚೆಂಡು ಕಳೆದುಕೊಂಡ, ತಂಡ ಸೋತಿತು. ಶನಿವಾರ ಒಕ್ಲಹೋಮಾ ಸ್ಟೇಟ್ ಎದುರು 39 ಸಲ ಬುಟ್ಟಿಗೆ ಎಸೆದು 48 ಅಂಕ ಗಳಿಸಿದ. ಹೆಚ್ಚುವರಿ ಸಮಯದವರೆಗೂ ಎಳೆದು ತಂಡ 83-81ರಲ್ಲಿ ಮತ್ತೆ ಸೋತಿತು. ಪಾಸ್ ಕೊಡದವನು ಅನ್ನೋಣವೆಂದರೆ ಅದೂ ಆಗುವುದಿಲ್ಲ. ಆ ವರ್ಷ ಅಂಕ ಗಳಿಸುವುದರಲ್ಲೂ ಅಸಿಸ್ಟ್‌ನಲ್ಲೂ, ಅಂದರೆ ಪಾಸ್ ಕೊಟ್ಟು ಬೇರೆಯವರಿಂದ ಅಂಕ ಹಾಕಿಸುವುದರಲ್ಲೂ, ದೇಶಕ್ಕೇ ಮೊದಲಿಗ ಅವನೇ. ಹಾಗೆ ಎರಡರಲ್ಲೂ ಮೊದಲು ಬಂದವರು ಅದಕ್ಕಿಂತ ಮುಂಚೆ ಯಾರೂ ಇರಲಿಲ್ಲ. ಮದುಮಗನೂ ಅವನೇ, ಪುರೋಹಿತನೂ ಅವನೇ, ವಾಲಗ ಊದುವವನೂ ಅವನೇ. ದೊಡ್ಡ ಟೂರ್ನಿಯ ಮೊದಲ ಆಟದಲ್ಲೇ ತಂಡ ಮನೆಗೆ.

ವಾಷಿಂಗ್ಟನ್ ಯೂನಿವರ್ಸಿಟಿಯದು ಇನ್ನೂ ಚೆಂದ. 2016-17ರಲ್ಲಿ 9 ಗೆಲುವು, 22 ಸೋಲು. ಮಾರ್ಚ್‌ನಲ್ಲಿ ಕೋಚ್ ಕೆಲಸ ಹೋಯಿತು. ಜೂನ್‌ನಲ್ಲಿ ದುಡ್ಡಿನ ಲೀಗ್ ಎನ್‌ಬಿಎ ತಂಡಗಳು ಹೊಸ ಹುಡುಗರನ್ನು ಆರಿಸುವಾಗ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಆ ತಂಡದ ಮಾರ್ಕೆಲ್ ಫಲ್ಟ್ಸ್‌ನದು. ಒಂದೇ ಪರೀಕ್ಷೆ. ಹುಡುಗ ಫಸ್ಟ್ ರ‍್ಯಾಂಕ್, ಮೇಷ್ಟ್ರು ಫೇಲ್. ಇದನ್ನು ನೋಡಿದ ಮುಂದಿನ ಹುಡುಗ ಮೂಲೆಯವನಿಗೆ ಪಾಸ್ ಕೊಡುತ್ತಾನಾ, ನೀವೇ ಹೇಳಿ.

ಮತ್ತೆ ಅಪ್ಪ-ಮಗನ ವಿಷಯಕ್ಕೆ ಬರೋಣ. ಮೈಕ್ ಡೇವಿಸ್ ಸಣ್ಣ ಆಸಾಮಿಯಲ್ಲ. 2002ರಲ್ಲಿ ಇಂಡಿಯಾನಾ ತಂಡವನ್ನು ದೇಶದ ಫೈನಲ್‌ವರೆಗೆ ಕರೆದುಕೊಂಡು ಹೋದ ಕೋಚ್. ಮುಂದೆ ಡೆಟ್ರಾಯಿಟ್ ಮರ್ಸಿ ಯೂನಿವರ್ಸಿಟಿಗೆ ಬಂದಾಗ ಅವರ ತಂಡದಲ್ಲಿ ಆಡಿದವನು ಮಗ ಆಂಟ್ವಾನ್. ಕೊರೊನಾ ದಯೆಯಿಂದ ಒಂದು ವರ್ಷ ಹೆಚ್ಚು ಸಿಕ್ಕಿ ಒಟ್ಟು ಐದು ವರ್ಷ, 144 ಆಟ. ಒಂದರಲ್ಲೂ ಹತ್ತು ಅಂಕಕ್ಕೆ ಕಮ್ಮಿ ಇಲ್ಲ. ತಂಡ ದೊಡ್ಡ ಟೂರ್ನಿಗೆ ಹೋಗಿದ್ದು? ಒಮ್ಮೆಯೂ ಇಲ್ಲ. ಆದರೆ ಪೀಟ್‌ನ 3,667ರ ದಾಖಲೆ ಹತ್ತಿರ ಬರುತ್ತಿತ್ತಲ್ಲ! 83 ಆಟದ ಅಂಕಕ್ಕೆ 144 ಆಟದ ಅಂಕ ಸಮವೇ, ಮೂರಂಕದ ಗೆರೆ ಇಲ್ಲದ ಕಾಲಕ್ಕೆ ಇರುವ ಕಾಲ ಸಮವೇ ಅಂತ ಪಂಚಾಯಿತಿ ಕಟ್ಟೆಯ ವಾದ ಶುರುವಾಯಿತು.

2023ರ ಮಾರ್ಚ್ 2, ಡೆಟ್ರಾಯಿಟ್ ಆಡುತ್ತಿದ್ದ ಹೊರೈಜನ್ ಲೀಗ್‌ನ ಕ್ವಾರ್ಟರ್ ಫೈನಲ್, ಎದುರಿಗೆ ಯಂಗ್ಸ್‌ಟೌನ್ ಸ್ಟೇಟ್. ಪೀಟ್‌ಗೆ ಸಮ ಆಗಲು 25 ಅಂಕ ಬೇಕು. ಹುಡುಗ 26 ಸಲ ಎಸೆದ, 7 ಬಿದ್ದವು. ಫ್ರೀ ಥ್ರೋ ಸೇರಿ 22 ಅಂಕ. ಮೂರೇ ಮೂರು ಕಮ್ಮಿ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ಆಗ ಡೇಟೋನಾ ಬೀಚ್‌ನಲ್ಲಿ ಸಿಬಿಐ ಅಂತ ಒಂದು ಟೂರ್ನಿ ನಡೆಯುತ್ತಿತ್ತು. ಬೇರೆಲ್ಲೂ ಕರೆ ಬಾರದವರು ಶುಲ್ಕ ಕಟ್ಟಿ ಆಡುವಂಥದ್ದು. 14 ಗೆದ್ದು 19 ಸೋತ ತಂಡ ಅಲ್ಲಿಂದ ಕರೆ ಬರಬಹುದು ಅಂತ ಆಸೆಯಿಂದ ಕಾಯಿತು. ಗೆಲ್ಲುವುದಕ್ಕಲ್ಲ, ಒಬ್ಬ ಇನ್ನೊಂದಿಷ್ಟು ಎಸೆಯುವುದಕ್ಕೆ. ಹೊರಟಿದ್ದರೆ ಉಳಿದವರೂ ಚೀಲ ಕಟ್ಟಿಕೊಂಡು ಫ್ಲೋರಿಡಾದ ಸಮುದ್ರ ನೋಡಿ ಬರುತ್ತಿದ್ದರೇನೋ. ಕರೆ ಬರಲಿಲ್ಲ.

ಅಂದ ಹಾಗೆ, ಮಾರ್ಚ್ 2ರ ರಾತ್ರಿ ಡೆಟ್ರಾಯಿಟ್ ಸೋತಿದ್ದು 71-66ರಲ್ಲಿ. ಅಂದರೆ ಐದು ಅಂಕ. ಮಗನಿಗೆ ಮೂರು ಕಮ್ಮಿಯಾಯಿತು ಅಂತ ಊರೆಲ್ಲ ಲೊಚಗುಟ್ಟುತ್ತಿತ್ತು. ಈ ಐದನ್ನು ಎಣಿಸಿದ್ದು ಬಹುಶಃ ಮೂಲೆಯಲ್ಲಿ ಕೈ ಎತ್ತಿಕೊಂಡಿದ್ದವನೊಬ್ಬನೇ.