ಸೋರಿಲ್ಲ, ಬರೀ ಜಿನುಗಿದೆ

ತಾಜ್ ಮಹಲಿನ ಗುಮ್ಮಟ ಸೋರಿಲ್ಲವಂತೆ, ಜಿನುಗಿದೆಯಷ್ಟೇ. 2024ರ ಸೆಪ್ಟೆಂಬರಿನಲ್ಲಿ ಆಗ್ರಾದ ಮಳೆಗೆ ಒಳಗೆ ಗೋರಿಯ ಬಳಿ ಹನಿ ಬಿತ್ತು, ಹೊರಗೆ ತೋಟ ಕೆರೆಯಾಯಿತು. ಪುರಾತತ್ವ ಇಲಾಖೆ ಡ್ರೋನ್ ಹಾರಿಸಿ ನೋಡಿ ಗುಮ್ಮಟಕ್ಕೆ ಏನೂ ಆಗಿಲ್ಲ ಎಂದಿತು. ಸೋರುವುದು, ಒಸರುವುದು, ಜಿನುಗುವುದು ಬೇರೆ ಬೇರೆ ಎಂಬ ಸೂಕ್ಷ್ಮ ಇಷ್ಟು ದಿನ ಬಾಡಿಗೆ ಮನೆ ಮಾಲೀಕರಿಗೆ ಮಾತ್ರ ಗೊತ್ತಿತ್ತು.

ದರವನ್ನೂ ನೋಡಿ. ಆವರಣಕ್ಕೆ 50 ರೂಪಾಯಿ, ಗುಮ್ಮಟದ ಕೆಳಗೆ ಹೋಗಬೇಕೆಂದರೆ ಅದರ ಮೇಲೆ ಇನ್ನೂ 200. ಅಂದರೆ ಬಯಲಲ್ಲಿ ನೆನೆಯಲು ಐವತ್ತು, ಸೂರಿನಡಿ ನೆನೆಯಲು ಇನ್ನೂರೈವತ್ತು. ಅಲ್ಲಿ ಕಾಣುವುದೂ ತೋರಿಕೆಯ ಗೋರಿ. ಅಸಲಿ ಎರಡೂ ನೆಲಮಾಳಿಗೆಯಲ್ಲಿವೆ. ಪಾಪ, ಆ ಹನಿಗೂ ವಿಳಾಸ ತಪ್ಪಿದೆ.

ಈ ಸೋರಿಕೆಗೆ ಒಳ್ಳೆಯ ವಂಶಾವಳಿಯೂ ಇದೆ. 1652ರ ಡಿಸೆಂಬರಿನಲ್ಲಿ ಔರಂಗಜೇಬ್ ಅಪ್ಪ ಶಹಜಹಾನನಿಗೆ ಪತ್ರ ಬರೆದ: ಮಳೆಗಾಲದಲ್ಲಿ ದೊಡ್ಡ ಗುಮ್ಮಟ ಉತ್ತರದ ಕಡೆ ಎರಡು ಜಾಗದಲ್ಲಿ ಸೋರಿದೆ, ನಾಲ್ಕು ಚಿಕ್ಕ ಗುಮ್ಮಟಗಳೂ ಸೋರಿವೆ, ನೆಲಮಾಳಿಗೆಯ ಕೋಣೆಗಳು ಬಿರುಕು ಬಿಟ್ಟಿವೆ, ನದಿಯಾಚೆಯ ಮಹತಾಬ್ ಬಾಗ್ ಮುಳುಗಿದೆ. ಎರಡನೇ ಅಂತಸ್ತಿನ ಮಾಡು ಬಿಚ್ಚಿ ಅರ್ಧ ಗಜ ಗಾರೆ ಹಾಕಿದರೆ ಉಳಿದ ಕಡೆ ಸೋರುವುದು ನಿಲ್ಲಬಹುದು, ದೊಡ್ಡ ಗುಮ್ಮಟಕ್ಕೆ ಮಾತ್ರ ಮೇಸ್ತ್ರಿಗಳಿಗೆ ಉಪಾಯ ತೋಚುತ್ತಿಲ್ಲ. ಯಾವ ಕಡೆ, ಎಷ್ಟು ಜಾಗ, ಏನು ಗೊತ್ತಿಲ್ಲ, ಎಲ್ಲವೂ ಒಂದೇ ಪತ್ರದಲ್ಲಿ. ಅಪ್ಪನನ್ನು ಮುಂದೆ ಸೆರೆಯಲ್ಲಿಟ್ಟ ಮಗ, ನಿಜ. ಆದರೆ ‘ಜಿನುಗಿದೆಯಷ್ಟೇ’ ಅನ್ನಲಿಲ್ಲ.

ಡ್ರೋನಿಗೆ ಕಾಣುವುದು ಹೊರಮೈ. ಕಟ್ಟಡದ ಒಡಲು ಇಟ್ಟಿಗೆ ಮತ್ತು ಸುಣ್ಣಗಾರೆ, ಮೇಲೆ ಹೊದಿಸಿದ್ದು ಮಕ್ರಾನಾ ಅಮೃತಶಿಲೆ. ಗುಮ್ಮಟವೂ ಒಂದಲ್ಲ, ಎರಡು: ನೆಲದಿಂದ ಸುಮಾರು 25 ಮೀಟರ್ ಎತ್ತರದಲ್ಲಿ ಒಳಗಿನದು, ಅದರ ಮೇಲೆ ದೊಡ್ಡ ಪೊಳ್ಳು, ಆಮೇಲೆ ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಈರುಳ್ಳಿ. ಕಲ್ಲಿನ ಸಂದಿಯ ಗಾರೆ ಉದುರಿದರೆ ನೀರು ಒಳಗಿಳಿಯುತ್ತದೆ; ಕಲ್ಲು ಹಿಡಿದಿಟ್ಟ ಕಬ್ಬಿಣದ ಕೊಂಡಿಗೆ ತುಕ್ಕು ಹಿಡಿದು, ಉಬ್ಬಿ, ಕಲ್ಲನ್ನೇ ಸೀಳುತ್ತದೆ. ನೀರು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗದ ನೇರಕ್ಕೆ ತೂತು ಹುಡುಕಿದರೆ ಸಿಗುವುದಿಲ್ಲ. ಮೇಲೆ ಸಿಮೆಂಟ್ ಬಳಿದರಂತೂ ಮುಗಿಯಿತು: ಒಳಗಿನ ತೇವ ಹೊರಬರಲಾರದೆ ಅಲ್ಲೇ ಕೂರುತ್ತದೆ. ದೆಹಲಿಯ ಹುಮಾಯೂನ್ ಸಮಾಧಿಯ ಮಾಡಿನ ಮೇಲೆ ಹಾಗೇ ಪದರದ ಮೇಲೆ ಪದರ ಕಾಂಕ್ರೀಟ್ ಹೊಯ್ದಿದ್ದರು. ಕೊನೆಗೆ ಸುಮಾರು 10 ಲಕ್ಷ ಕಿಲೋ ಕೆತ್ತಿ ಇಳಿಸಿ ಮತ್ತೆ ಸುಣ್ಣಗಾರೆಗೇ ಬರಬೇಕಾಯಿತು.

ತೋಟದ್ದು ಇನ್ನೂ ಸೊಗಸು. ಯಮುನೆಯ ನೀರನ್ನು ಎತ್ತು ಕಟ್ಟಿ ಮೇಲೆತ್ತಿ, ತೊಟ್ಟಿಗೆ ತುಂಬಿಸಿ, ಮಣ್ಣಿನ ಕೊಳವೆಯಲ್ಲಿ ಕಾರಂಜಿಗೆ ಬಿಡುತ್ತಿದ್ದರು. ಪ್ರತಿ ಚಿಲುಮೆಯ ಅಡಿಯಲ್ಲೊಂದು ತಾಮ್ರದ ಪಾತ್ರೆ. ಎಲ್ಲ ಪಾತ್ರೆ ತುಂಬಿದ ಮೇಲೇ ನೀರು ಚಿಮ್ಮುವುದು, ಹಾಗಾಗಿ ಮೊದಲ ಚಿಲುಮೆಗೂ ಕೊನೆಯದಕ್ಕೂ ಒಂದೇ ಒತ್ತಡ. ನೀರು ಹತ್ತಿಸಲು ಇಷ್ಟು ತಲೆ ಓಡಿಸಿದ ತೋಟದಲ್ಲಿ ಈಗ ಬಿದ್ದ ನೀರು ಇಳಿಯುವುದಿಲ್ಲ.

ಮುಖಕ್ಕೆ ಮಾತ್ರ ನಾವು ಕೊರತೆ ಮಾಡಿಲ್ಲ. 1994ರಿಂದ ಆಗಾಗ ಮುಲ್ತಾನಿ ಮಿಟ್ಟಿ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ, ಒಣಗಿಸಿ, ಶುದ್ಧ ನೀರಿನಲ್ಲಿ ತೊಳೆಯುತ್ತಿದ್ದೇವೆ, ಮದುವೆಯ ಹಿಂದಿನ ದಿನ ಬ್ಯೂಟಿ ಪಾರ್ಲರಿನಲ್ಲಿ ಮಾಡಿದ ಹಾಗೆ. ಅತ್ತ ಯಮುನೆಯ ಕೊಳಚೆಯಲ್ಲಿ ಹುಟ್ಟಿದ ಹುಳು ಬಂದು ಅದೇ ಗೋಡೆಯ ಮೇಲೆ ಹಸಿರು ಹಿಕ್ಕೆ ಹಾಕುತ್ತದೆ. ನಾವು ಹಿಕ್ಕೆ ಒರೆಸುತ್ತೇವೆ, ಕೊಳಚೆ ಬಿಡುತ್ತಲೇ ಇರುತ್ತೇವೆ. ನಗು ಬರುವುದಿಲ್ಲ ಇದಕ್ಕೆ, ಸಾಕಾಗಿದೆ. ಗುಮ್ಮಟದ ಕಲ್ಲಿನ ಆ ಸಂದಿಗಳನ್ನು ವರ್ಷವರ್ಷ ಏಣಿ ಹತ್ತಿ ಕೈಯಲ್ಲಿ ಮುಟ್ಟಿ ನೋಡಬೇಕು, ಸುಣ್ಣ ತುಂಬಬೇಕು. ಅಷ್ಟೇ ಕೆಲಸ.

2018ರಲ್ಲಿ ಸುಪ್ರೀಂ ಕೋರ್ಟ್ ಬೇಸತ್ತು ಕೇಳಿತ್ತು: ಮುಚ್ಚುತ್ತೀರೋ, ಕೆಡವುತ್ತೀರೋ, ಸರಿಪಡಿಸುತ್ತೀರೋ? ಡ್ರೋನ್ ಹಾರಿಸುತ್ತೇವೆ ಸ್ವಾಮೀ.