ಬೇಲಿಯ ಈಚೆಯಿಂದಲೇ ಫೋಟೋ ತೆಗೀರಿ

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಮಾರ್ಚ್ ಬಂತೆಂದರೆ ನನ್ನ ಸಂಜೆಗಳು ಹೇಗಿರುತ್ತವೆ ಅಂತ ನಿಮಗೆಲ್ಲ ಗೊತ್ತು. ಶಾಲೆ ಬಿಟ್ಟು ಬಂದು ಒಂದು ಲೋಟ ಕಾಫಿ ಕುಡಿದರೆ ಮುಗಿಯಿತು, ಪಕ್ಕದ ಸೀಟಿನಲ್ಲಿ ಕ್ಯಾಮೆರಾ, ಕಾರಿನ ಗಾಜು ಪೂರ್ತಿ ಕೆಳಗೆ. ಈ ಸಲ ನಮ್ಮ ಕಡೆ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಒಂದು ಇಂಚು ಹತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್) ಬಿತ್ತು. ಎಂಟನೇ ದಿನಕ್ಕೆ ರೋಬಸ್ಟಾ ಕಾಫಿ ಅರಳಿತು. ಕೊಡಗಿನ ಸಿದ್ದಾಪುರ ದಾಟಿ ಪಾಲಿಬೆಟ್ಟದ ಕಡೆ ತಿರುಗಿದರೆ ರಸ್ತೆಯ ಎರಡೂ ಬದಿ ಬರೀ ಬಿಳಿ. ಮಲ್ಲಿಗೆಯಂಥ ಪರಿಮಳ ಕಾರಿನೊಳಗೆ ನುಗ್ಗಿ ಸೀಟಿಗೆಲ್ಲ ಹತ್ತಿಕೊಳ್ಳುತ್ತದೆ. ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಓರೆಯಾಗಿ ಇಳಿಯುವ ಬಿಸಿಲು.

ಐದೂವರೆಯಿಂದ ಆರೂಕಾಲರವರೆಗೆ ಇರುವುದೇ ಫೋಟೋ ತೆಗೆಯುವ ಬೆಳಕು. ನಡುಮಧ್ಯಾಹ್ನ ತೆಗೆದರೆ ಬಿಳಿ ಸುಟ್ಟುಹೋಗಿ ಎಸಳೇ ಕಾಣುವುದಿಲ್ಲ. ಚೌಕಟ್ಟಿನ ತುಂಬ ಹೂವೇ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಏರಿಸಬೇಕು. ನಿನ್ನೆ ಒಂದು ಗೊಂಚಲನ್ನು ಬೇಲಿಯ ಈಚೆಯಿಂದ ಹತ್ತು ನಿಮಿಷ ನೋಡುತ್ತಾ ನಿಂತಿದ್ದೆ. ಒಂದೊಂದು ಹೂವಿನ ನಡುವಿನಿಂದಲೂ ತುದಿ ಸೀಳಿದ ಸಣ್ಣ ದಾರದಂಥ ಶಲಾಕೆ ಹೊರಗೆ ಚಾಚಿಕೊಂಡಿತ್ತು. ಅದಕ್ಕೆ ಬೇರೆ ಗಿಡದ ಪರಾಗ ಬಂದು ತಾಗಬೇಕು, ಆಗಲೇ ಕಾಯಿ. ರೋಬಸ್ಟಾಕ್ಕೆ ತನ್ನದೇ ಪರಾಗ ಹಿಡಿಯುವುದಿಲ್ಲ. ಗಾಳಿ ಬೀಸಬೇಕು, ಹೆಜ್ಜೇನು ಬರಬೇಕು, ತುಡುವೆ ಜೇನು ಬರಬೇಕು. ಅದೂ ಎರಡು ಮೂರು ದಿನಗಳೊಳಗೆ. ಆಮೇಲೆ ಹೂ ಕಂದುತ್ತದೆ. ಅಷ್ಟರಲ್ಲಿ ಮಳೆ ಬಿದ್ದರೆ ಪರಾಗ ತೊಳೆದುಹೋಯಿತು ಅಂತಲೇ ಲೆಕ್ಕ. ಹಾಗಾಗಿ ಈ ದಿನಗಳಲ್ಲಿ ಅಪ್ಪ ಗಿಡದ ಹತ್ತಿರ ಹೋಗುವುದಿಲ್ಲ, ಆಳುಗಳನ್ನೂ ಬಿಡುವುದಿಲ್ಲ. ಜಗಲಿಯಲ್ಲಿ ಕೂತು ಆಕಾಶ ನೋಡುತ್ತಾರೆ.

ಹೀಗೆ ನಿಂತಿದ್ದಾಗಲೇ ಮುಂದಿನ ತಿರುವಿನಿಂದ ಹಾಡು ಕೇಳಿಸಿತು. ಅರ್ಧ ರಸ್ತೆಗೆ ಅಡ್ಡವಾಗಿ ನಿಂತ ಕಾರು, ನಾಲ್ಕೂ ಬಾಗಿಲು ತೆರೆದಿವೆ. ಇಬ್ಬರು ಹುಡುಗರು ಮುಳ್ಳುತಂತಿ ತಗ್ಗಿಸಿ ತೋಟದೊಳಗೆ ಹೋಗಿದ್ದಾರೆ. ಒಬ್ಬ ಒಂದು ರೆಂಬೆಯನ್ನು ಬಗ್ಗಿಸಿದ, ಚಟಕ್ಕನೆ ಮುರಿಯಿತು. ಅದನ್ನು ರಸ್ತೆಗೆ ತಂದು ಗೆಳತಿಯ ಕೈಗೆ ಕೊಟ್ಟು ಫೋಟೋ ತೆಗೆದರು. ತೆಗೆದು ಮುಗಿದ ಮೇಲೆ ಆ ರೆಂಬೆಯನ್ನು ಟಾರು ರಸ್ತೆಯ ಮೇಲೆ ಎಸೆದರು.

ಎಸೆದರು! ಮುರಿದಿದ್ದಕ್ಕಿಂತ ಅದೇ ನನಗೆ ಹೆಚ್ಚು ನೋವಾಗಿದ್ದು.

ಹೋಗಿ ಕೇಳಿದೆ. "ಅಕ್ಕಾ, ಒಂದೇ ಕೊಂಬೆ ಅಲ್ವಾ, ಎಕರೆಗಟ್ಟಲೆ ಇದೆಯಲ್ಲ" ಅಂದ.

ಒಂದೇ ಕೊಂಬೆ. ಈ ತಿಂಗಳಲ್ಲಿ ಈ ಮಾತನ್ನು ನಾನು ಕೇಳಿದ್ದು ಮೂರನೇ ಸಲ. ಹಿಂದೆ ಬಂದವನಿಗೂ ಒಂದೇ, ನಾಳೆ ಬರುವವನಿಗೂ ಒಂದೇ. ರಸ್ತೆ ಬದಿಯ ಸಾಲಿನ ಗಿಡಗಳನ್ನು ಬಂದು ನೋಡಿ, ಎಷ್ಟು ಬೋಳಾಗಿವೆ ಅಂತ. ಹೂ ಬಿಟ್ಟ ಗೆಣ್ಣಿನಲ್ಲಿ ಮತ್ತೆ ಹೂ ಬರುವುದಿಲ್ಲ, ಮುಂದಿನ ವರ್ಷದ ಹೂ ಬರುವುದು ಅದೇ ರೆಂಬೆಯ ತುದಿ ಬೆಳೆದು. ಅಂದರೆ ಮುರಿದವನು ಒಂದಲ್ಲ, ಎರಡು ವರ್ಷದ ಫಸಲು ಮುರಿದ.

ಪ್ರವಾಸಿಗರು ಬಂದರೆ ತಾನೆ ಹೋಂಸ್ಟೇ ನಡೆಯುವುದು, ಅಂಗಡಿ ನಡೆಯುವುದು, ಸುಮ್ಮನಿರಿ ಟೀಚರ್ ಅನ್ನುವವರಿದ್ದೀರಿ. ಬರಲಿ, ಯಾರು ಬೇಡ ಅಂದರು? ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು, ಹೂ ನೋಡಲು ಜನ ಬರಬೇಕು. ಆದರೆ ಮನೆಗೆ ಬಂದ ನೆಂಟರು ಅಂಗಳದ ಒಂದು ದಾಸವಾಳವನ್ನೂ ಕೇಳಿಯೇ ಕೀಳುತ್ತಾರೆ. ಹೋಂಸ್ಟೇಗೆ ಕೊಟ್ಟ ಬಾಡಿಗೆಯಲ್ಲಿ ಇನ್ನೊಬ್ಬರ ತೋಟದ ರೆಂಬೆ ಸೇರಿರುವುದಿಲ್ಲ. ಜೊತೆಗೆ ಆ ತಿರುವಿನಲ್ಲಿ ಕತ್ತಲಾಗುವ ಹೊತ್ತಿಗೆ ಆನೆ ದಾಟುತ್ತದೆ. ಆ ಹಾಡಿನ ಗದ್ದಲದಲ್ಲಿ ಹಿಂದೆ ಆನೆ ಬಂದು ನಿಂತರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಪಿಯುಸಿಯಲ್ಲಿದ್ದಾಗ ನಾನೂ ಮುರಿದಿದ್ದೆ. ಜಡೆಗೆ ಮುಡಿದು ಫೋಟೋ ತೆಗೆಸಿಕೊಳ್ಳಬೇಕು ಅಂತ ಮನೆಯ ಹಿಂದಿನ ಗಿಡದ್ದೇ ಒಂದು ರೆಂಬೆ. ಅಪ್ಪ ಬೈಯಲಿಲ್ಲ. ರೆಂಬೆ ಇಸಕೊಂಡು ಜಗಲಿ ಮೇಲೆ ಕೂತು, ಗೆಣ್ಣು ಗೆಣ್ಣಿಗೂ ಬೆರಳಿಟ್ಟು ಹೂ ಎಣಿಸಲು ಶುರುಮಾಡಿದರು. ಜೋರಾಗಿಯೇ. ಇನ್ನೂರು ದಾಟಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಳಗೆ ಓಡಿದೆ. ಅವರು ಎಣಿಸುವುದು ಅಡುಗೆಮನೆಗೂ ಕೇಳಿಸುತ್ತಿತ್ತು.

ನಿನ್ನೆ ಆ ಹುಡುಗನಿಗೆ ಇದನ್ನೇ ಹೇಳಬೇಕಿತ್ತು. ಸಿಟ್ಟಿನಲ್ಲಿ ಗಂಟಲು ಕಟ್ಟಿ, ಕಾರು ತೆಗೀರಿ, ಆನೆ ಬರುವ ಹೊತ್ತು ಅಂತಷ್ಟೇ ಹೇಳಿ ಬಂದೆ.

ಕೆಳಗೆ ಐದು ಫೋಟೋ ಹಾಕಿದ್ದೇನೆ. ನಾಲ್ಕು ಹೂವಿನದು. ಐದನೆಯದು ರಸ್ತೆ ಮೇಲೆ ಬಿದ್ದಿದ್ದ ಆ ರೆಂಬೆ, ಮನೆಗೆ ತಂದು ಚೊಂಬಿನ ನೀರಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡುವಾಗ ಎಸಳುಗಳ ಅಂಚು ಕಂದಿತ್ತು.

ಮಾದಾಪುರದ ಕಡೆ ಮಳೆ ನಮಗಿಂತ ನಾಲ್ಕು ದಿನ ತಡವಾಗಿ ಬಿದ್ದಿದೆ, ಅಲ್ಲಿ ಶನಿವಾರದ ಹೊತ್ತಿಗೆ ಅರಳಬಹುದು. ನಾನು ಹೋಗುತ್ತೇನೆ. ಬರುವವರು ಐದು ಗಂಟೆಗೆ ನಮ್ಮ ಮನೆಯ ಗೇಟಿನ ಹತ್ತಿರ ಇರಿ.